ಹೊಸ ಮೋಡಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ಹಳೆಯ ಮನೆಗಳಲ್ಲಿ ಜಂತಿಗೆ ತೂಗುಹಾಕಿದ ಬಟ್ಟೆಯ ಗಂಟೊಂದು ಇರುವುದುಂಟು. ಬಿಚ್ಚಿದರೆ ಒಳಗೆ ಹೊಲದ ಕಾಗದಪತ್ರಗಳು. ಮೋಡಿ ಲಿಪಿಯಲ್ಲಿ ಬರೆದವು. ಒಂದಕ್ಷರದ ಕೈಯನ್ನು ಇನ್ನೊಂದಕ್ಷರ ಹಿಡಿದು ಓಡುವ ಆ ಬರಹವನ್ನು ಓದಬಲ್ಲವರು ಈಗ ಹುಡುಕಿದರೂ ಸಿಕ್ಕುವುದು ಕಷ್ಟ. ಮುತ್ತಜ್ಜನ ಹೊಲದ ಎಲ್ಲೆ ಮರಿಮಗನ ಕೈಯಲ್ಲಿಯೇ ಇರುತ್ತದೆ. ಅವನ ಕಣ್ಣಿಗೆ ಮಾತ್ರ ಅದು ಇರುವೆಯ ಸಾಲು.

ಚಿಕ್ಕೋಡಿಯ ಮಾಸ್ತರರೊಬ್ಬರು ಇಂಥ ಗಂಟುಗಳನ್ನು ಕಂಡು ಬಾಳಿನುದ್ದಕ್ಕೂ ನಕ್ಕವರು. ಓದಲಾರದ್ದನ್ನು ಕಾಪಿಡುವುದು ಮೂಢತನವೆಂದು ತರಗತಿಯಲ್ಲಿ ಹೇಳುತ್ತಿದ್ದರಂತೆ. ಅವರು ಸೇವೆಯಿಂದ ನಿವೃತ್ತರಾದದ್ದು 2004ರಲ್ಲಿ. ಕೈಗೆ ಬಂದ ಹಣದಲ್ಲಿ ಮೊದಲು ಕೊಂಡದ್ದು ಒಂದು ಕಂಪ್ಯೂಟರು. ಮನೆಯವರು ಹೊಲಿಗೆಯ ಯಂತ್ರವನ್ನು ಬಯಸಿದ್ದರೆಂಬುದು ಬೇರೆಯ ಮಾತು. ತಾಯಿ ಆಗ ಇನ್ನೂ ಇದ್ದರು. ಹೊತ್ತು ಮೂಡುವ ಮೊದಲು ಬೀಸುಕಲ್ಲಿನ ಮುಂದೆ ಕುಳಿತು ಕಲಿತ ಹಾಡುಗಳು ಆ ತಾಯಿಯ ನಾಲಗೆಯ ಮೇಲಿದ್ದವು. ಆಕೆ ಹೇಳಿದಳು, ಮಗ ಒತ್ತಿದರು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ ಸುಲಭವಾದದ್ದು. ಉಚ್ಚಾರಣೆಗೆ ಹೊಂದುವ ಇಂಗ್ಲಿಷ್ ಕೀಲಿಯನ್ನು ಒತ್ತಿದರೆ ಕನ್ನಡ ಅಕ್ಷರ ಮೂಡುತ್ತದೆ, ಒತ್ತಕ್ಷರ ಬೇಕಾದಾಗ ನಡುವೆ ಎಫ್ ಒತ್ತಬೇಕು. ಮಳೆಗಾಲ ಮುಗಿಯುವುದರೊಳಗೆ ನುಡಿ ಲಿಪಿಯಲ್ಲಿ ಇನ್ನೂರು ಹಾಡುಗಳಾದವು. ಮರುವರ್ಷ ತಾಯಿ ತೀರಿಕೊಂಡರು.

ಹೋದ ದೀಪಾವಳಿಗೆ ಪುಣೆಯಿಂದ ಬಂದ ಮೊಮ್ಮಗಳು ಆ ಕಡತವನ್ನು ತನ್ನ ಫೋನಿನಲ್ಲಿ ತೆರೆದಳು. ಹಾಡಿಲ್ಲ! ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಗೀಟುಗಳು, ಪೌಂಡಿನ ಚಿಹ್ನೆಗಳು. 'ಕನ್ನಡ' ಎಂದು ಇರಬೇಕಾದಲ್ಲಿ ಒಂದು ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಅನಂತರ ಸಾಕ್ಷಾತ್ ಬ್ರಿಟಿಷ್ ಪೌಂಡು. ಮಾಸ್ತರರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಕನ್ನಡಕದ ತಪ್ಪಾಗಿರಲಿಲ್ಲ.

ಇದರ ಮರ್ಮವನ್ನು ಹುಡುಗಿ ಎರಡು ರಾತ್ರಿ ಕುಳಿತು ಕಂಡುಕೊಂಡಳು. ಆ ಕಾಲದ ಫಾಂಟಿನಲ್ಲಿ ಇದ್ದದ್ದು ಹೆಚ್ಚೆಂದರೆ 256 ಗೂಡುಗಳು. ಅವೂ ಇಂಗ್ಲಿಷಿಗೂ ಯುರೋಪಿನ ಇತರ ನುಡಿಗಳಿಗೂ ಕಟ್ಟಿದವು. ಕನ್ನಡದವರು ಆ ಗೂಡುಗಳಲ್ಲಿ ತಮ್ಮ ಅಕ್ಷರಗಳ ತುಂಡುಗಳನ್ನು ಇಟ್ಟು ಸಂಸಾರ ನಡೆಸಿದರು. ಪಿ ಎಂಬ ಗೂಡಿನಲ್ಲಿ 'ಕ'ದ ಮೈ, ಪೌಂಡಿನ ಗೂಡಿನಲ್ಲಿ 'ನ'ದ ಮೈ, ಓರೆಗೀಟಿನ ಎ ಇದ್ದಲ್ಲಿ ತಲಕಟ್ಟು. ಕಡತದಲ್ಲಿ ಉಳಿಯುವುದು ಗೂಡಿನ ಸಂಖ್ಯೆ ಮಾತ್ರ. ಫಾಂಟು ಜೊತೆಗಿದ್ದರೆ ಕನ್ನಡ, ಇಲ್ಲವಾದರೆ ಪೌಂಡು. ಬಾಡಿಗೆಯ ಮನೆಯಾದರೂ ಆ ಏರ್ಪಾಡು ಕಚೇರಿಗಳನ್ನೂ ಮುದ್ರಣಾಲಯಗಳನ್ನೂ ವರ್ಷಗಟ್ಟಲೆ ನಡೆಸಿತೆಂಬುದನ್ನು ಮರೆಯಲಾಗದು. ಸ್ವಂತ ಮನೆ ಇರಲಿಲ್ಲವೆಂದೂ ಅಲ್ಲ. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ಥಾನಗಳು ದೊರೆತಿದ್ದವು. 'ಕ'ದ ಸಂಖ್ಯೆ 3221. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟೂ ಬಂದಿತ್ತು. ಚಿಕ್ಕೋಡಿಯಲ್ಲಿ 2004ರಲ್ಲಿ ಮಾಸ್ತರರಿಗೆ ಇದನ್ನು ಹೇಳುವವರು ಯಾರಿದ್ದರು?

ಪೇಟೆಯ ಟೈಪಿಂಗ್ ಅಂಗಡಿಯವನು, "ಹಳೇ ಕಂಪ್ಯೂಟರಿನಾಗ ಪ್ರಿಂಟ್ ತಗದು ಕೊಡ್ರಿ, ಹೊಸದಾಗಿ ಹೊಡದ ಕೊಡ್ತೀನಿ" ಎಂದ. ಹಳೆಯ ಕಂಪ್ಯೂಟರು ಗುಜರಿಗೆ ಹೋಗಿ ಹತ್ತು ವರ್ಷವಾಗಿತ್ತು. ಹುಡುಗಿ ತಾನೇ ಒಂದು ಪಟ್ಟಿ ಮಾಡಿ, ಗೂಡಿಗೊಂದು ಅಕ್ಷರವನ್ನು ಬದಲಿಸುವ ಪುಟ್ಟ ಪ್ರೋಗ್ರಾಮು ಬರೆದಳು. ಓಡಿಸಿದಾಗ ಕನ್ನಡವೇನೋ ಬಂತು. ಆದರೆ 'ಕರ್ನಾಟಕ' ಇದ್ದಲ್ಲೆಲ್ಲ 'ಕನಾರ್ಟಕ'! 'ಸೂರ್ಯ' ಹೋಗಿ 'ಸೂಯರ್'! ತಪ್ಪು ಅರ್ಕಾವತ್ತಿನದು. ಕಣ್ಣಿಗೆ ಅದು ಅಕ್ಷರದ ಬೆನ್ನ ಹಿಂದೆ ಕಾಣುವುದರಿಂದ ಹಳೆಯ ಕಡತದಲ್ಲಿಯೂ ಹಿಂದೆಯೇ ನಿಂತಿರುತ್ತದೆ. ಯೂನಿಕೋಡಿನಲ್ಲಾದರೋ ನುಡಿಯುವ ಕ್ರಮದಂತೆ ರಕಾರ ಮೊದಲು ಬರಬೇಕು. ಗೂಡುಗಳನ್ನು ಬದಲಿಸಿದರೆ ಸಾಲದು, ಅರ್ಕಾವತ್ತನ್ನು ಕೈಹಿಡಿದು ಮುಂದಕ್ಕೆ ಕರೆತರಬೇಕು. ದೀರ್ಘದ ಕಥೆ ಇನ್ನೊಂದು: ಕೀ, ಕೇ, ಕೋ ಮೂರಕ್ಕೂ ಹಳೆಯದರಲ್ಲಿ ಒಂದೇ ಬಾಲ, ಹೊಸದರಲ್ಲಿ ಬೇರೆ ಬೇರೆ ಚಿಹ್ನೆಗಳು. ಅಂತರಜಾಲದಲ್ಲಿ ಇಂದಿಗೂ ಎಷ್ಟೋ ಕಡೆ 'ಕನಾರ್ಟಕ' ಕಂಡರೆ ಓದುಗರು ಬರೆದವನ ಕಾಗುಣಿತವನ್ನು ಬಯ್ಯದಿರಲಿ. ಪಾಪ, ಅವನು ಸರಿಯಾಗಿಯೇ ಬರೆದಿರುತ್ತಾನೆ.

ಅದೂ ಸರಿಹೋಯಿತು. ಹಾಡುಗಳು ಒಂದೊಂದಾಗಿ ಎದ್ದು ಬಂದವು. ಮಾಸ್ತರರು ಗಟ್ಟಿಯಾಗಿ ಓದುತ್ತ ಹೋದರು. ನಡುನಡುವೆ ದನಿ ಕಟ್ಟಿ ನಿಲ್ಲಿಸಿದರು. ಆದರೆ ಮೂವತ್ತು ಮೂವತ್ತೈದು ಸಾಲುಗಳು ಮಾತ್ರ ಯಾವ ನುಡಿಯೂ ಅಲ್ಲದ ಅಕ್ಷರಗಳ ರಾಶಿಯಾಗಿಯೇ ಉಳಿದವು. ಆ ಸೀಮೆಯ ಹೆಂಗಸರ ಹಾಡು ಎರಡು ನುಡಿಗಳ ನಡುವೆ ಬಾಗಿಲಿಕ್ಕುವುದಿಲ್ಲ. ತೌರು ಗಡಿಯಾಚೆ, ಗಂಡನ ಮನೆ ಈಚೆ ಆಗಿದ್ದರೆ ಪಲ್ಲವಿ ಕನ್ನಡದಲ್ಲಿಯೂ ನುಡಿ ಮರಾಠಿಯಲ್ಲಿಯೂ ಬಂದೀತು. ಆ ಮರಾಠಿ ಸಾಲುಗಳನ್ನು ಮಾಸ್ತರರು ಅಂದು ಇನ್ನಾವುದೋ ದೇವನಾಗರಿ ಫಾಂಟಿನಲ್ಲಿ ಒತ್ತಿದ್ದರು. ಅದಕ್ಕೆ ಬೇರೆಯೇ ಗೂಡುಗಳ ಲೆಕ್ಕ. ಫಾಂಟಿನ ಹೆಸರು ಕಡತದಲ್ಲಿ ಉಳಿದಿರಲಿಲ್ಲ, ಅವರ ನೆನಪಿನಲ್ಲಿಯೂ ಇರಲಿಲ್ಲ.

ಹುಡುಗಿ ಹಳೆಯ ದೇವನಾಗರಿ ಫಾಂಟುಗಳನ್ನು ಒಂದೊಂದಾಗಿ ಹಚ್ಚಿ ನೋಡಿದಳು. ನಾಲ್ಕನೆಯದು ಹೊಂದಿತು; ಒಂದು ಹಾಡಿನ ಕೊನೆಯ ಎರಡು ಸಾಲುಗಳನ್ನು ಬಿಟ್ಟರೆ ಎಲ್ಲವೂ ತಿಳಿಯಾದವು. ಕೆಲಸ ಮುಗಿದ ರಾತ್ರಿ ಆಕೆ ಇನ್ನೊಂದು ಸುದ್ದಿ ಹೇಳಿದಳು: 2014ರಲ್ಲಿ ಯೂನಿಕೋಡಿಗೆ ಮೋಡಿ ಲಿಪಿಯನ್ನೂ ಸೇರಿಸಿದ್ದಾರೆ. ಜಂತಿಯ ಗಂಟಿನ ಬರಹಕ್ಕೂ ಈಗ ಸಂಖ್ಯೆಗಳಿವೆ. ಮಾಸ್ತರರು ಏನೂ ಹೇಳಲಿಲ್ಲ. ಬೆಳಿಗ್ಗೆ ಅಟ್ಟದ ಮೇಲಿಂದ ತಮ್ಮ ಮನೆಯ ಗಂಟನ್ನು ಇಳಿಸಿ ಧೂಳು ಕೊಡವುತ್ತಿದ್ದರು.

ಉಳಿದ ಎರಡು ಸಾಲುಗಳಿಗಾಗಿ ಕಾಗವಾಡದಲ್ಲಿದ್ದ ತಂಗಿಗೆ ಫೋನು ಮಾಡಿದರು. ಆಕೆಗೆ ಎಪ್ಪತ್ತೆಂಟು. ಗಡಿಯಾಚೆಯ ಗೋಪುರ ಹಿಡಿಯಿತೋ ಈಚೆಯದೋ, ದನಿ ತುಂಡುತುಂಡಾಗಿ ಬರುತ್ತಿತ್ತು. ಕೇಳಿದ ಸಾಲು ನೆನಪಿಲ್ಲವೆಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವ ಇದೊಂದ ಅಂತಿದ್ಲ ನೋಡ" ಎಂದು ಬೇರೆ ಹಾಡನ್ನೇ ಎತ್ತಿಕೊಂಡಳು. ಇನ್ನೂರರಲ್ಲಿ ಅದು ಇರಲಿಲ್ಲ. ಮಾಸ್ತರರು ಮೊಮ್ಮಗಳಿಗೆ ಕೈಸನ್ನೆ ಮಾಡಿದರು. ಆಕೆ ಆಗಲೇ ಒತ್ತಲು ತೊಡಗಿದ್ದಳು.