ನಾನು ದಾಟಿಸುತ್ತಿದ್ದ ನಾಲ್ಕನೇ ಹಾಡು

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಹಾಸ್ಟೆಲ್ ಗೆಳತಿ ಕೊಟ್ಟ ಪೆನ್‌ಡ್ರೈವ್‌ನಲ್ಲಿ ನನಗೆ ಟ್ರೇಸಿ ಚಾಪ್ಮನ್ ಸಿಕ್ಕಿದ್ದು. 1988ರಲ್ಲಿ ಬಂದ, ಆಕೆಯದೇ ಹೆಸರಿನ ಮೊದಲ ಆಲ್ಬಂ. 11 ಹಾಡು, ಅಷ್ಟನ್ನೂ ಬರೆದದ್ದು ಆಕೆಯೇ. ಆಗಿನ್ನೂ 24 ವರ್ಷ.

ನನಗೆ ಬೇಕಿದ್ದದ್ದು ಎರಡನೇ ಹಾಡು ಮಾತ್ರ, ‘ಫಾಸ್ಟ್ ಕಾರ್’. ಹಾಸನದಿಂದ ಬೆಂಗಳೂರಿನ ಬಸ್ಸಲ್ಲಿ ಅದನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಊರು ಬಿಟ್ಟು ಹೋಗೋ ಖುಷಿಯ ಹಾಡು ಅಂದ್ಕೊಂಡಿದ್ದೆ. ಪೂರ್ತಿ ಕೇಳಿಸ್ಕೊಂಡಿದ್ರೆ ತಾನೇ! ಹೊಸ ಊರಲ್ಲೂ ಆ ಹುಡುಗಿ ಒಬ್ಬಳೇ ದುಡೀತಾಳೆ. ಕುಡುಕ ಅಪ್ಪನ ಜಾಗಕ್ಕೆ ಕುಡುಕ ಸಂಗಾತಿ ಬಂದಿರ್ತಾನೆ.

ಆ ಹಾಡು ಲೋಕಕ್ಕೆ ಗೊತ್ತಾಗಿದ್ದೂ ಒಂದು ಎಡವಟ್ಟಿನಿಂದ. 1988ರ ಜೂನ್ 11, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ, ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಕಾರ್ಯಕ್ರಮ. ಸ್ಟೀವಿ ವಂಡರ್ ಹಾಡಬೇಕಿತ್ತು. ಕೀಬೋರ್ಡಿಗೆ ಬೇಕಾದ ಹಾರ್ಡ್ ಡಿಸ್ಕೇ ನಾಪತ್ತೆ. ಆಗಲೇ ಹಾಡಿ ಮುಗಿಸಿದ್ದ ಚಾಪ್ಮನ್‌ಳನ್ನ ಮತ್ತೆ ವೇದಿಕೆಗೆ ಕಳಿಸಿದ್ರು. ಕೈಯಲ್ಲಿ ಒಂದು ಗಿಟಾರ್, ಅಷ್ಟೇ. ಆಮೇಲೆ ಆಲ್ಬಂ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ನಂಬರ್ ಒನ್. ಬ್ಯಾಕಪ್ ಯಾಕೆ ಬೇಕು ಅಂತ ಟೀಮಿನ ಹೊಸಬರಿಗೆ ಹೇಳೋವಾಗ ನಾನು ಈ ಕಥೆನೇ ಹೇಳೋದು.

ನಾಲ್ಕನೇ ಹಾಡು ‘ಬಿಹೈಂಡ್ ದ ವಾಲ್’. ಗಿಟಾರೂ ಇಲ್ಲ, ಬರೀ ಒಂಟಿ ದನಿ. ಎರಡು ನಿಮಿಷವೂ ಇಲ್ಲದ ಅದನ್ನ ಬೋರು ಅಂತ ದಾಟಿಸಿಬಿಡ್ತಿದ್ದೆ. 2024ರ ಗ್ರ್ಯಾಮಿಯಲ್ಲಿ ಲ್ಯೂಕ್ ಕೋಂಬ್ಸ್ ಜೊತೆ ಆಕೆ ‘ಫಾಸ್ಟ್ ಕಾರ್’ ಹಾಡಿದ ವಿಡಿಯೊ ನೋಡಿ, ಒಂದು ಭಾನುವಾರ ಇಡೀ ಆಲ್ಬಂ ಹಾಕ್ಕೊಂಡು ಪಾತ್ರೆ ತೊಳೀತಿದ್ದೆ. ಕೈ ಒದ್ದೆ, ದಾಟಿಸೋಕಾಗಲಿಲ್ಲ. ಗೋಡೆಯಾಚೆ ಏಟು ತಿನ್ನೋ ಹೆಂಗಸಿನ ಕೂಗು ಕೇಳಿಸಿಕೊಂಡು ನಿದ್ದೆಗೆಟ್ಟವರ ಕಥೆ ಅದು.

ನಲ್ಲಿ ನಿಲ್ಲಿಸಿದೆ. ನಮ್ಮ ಪಕ್ಕದ ಫ್ಲಾಟಿನಿಂದಲೂ ತಿಂಗಳುಗಳಿಂದ ಅಂಥದೇ ಸದ್ದು ಬರ್ತಿತ್ತು. ನಾನು ಮಾಡಿದ್ದೇನು? ಹೆಡ್‌ಫೋನ್ ಹಾಕ್ಕೊಂಡಿದ್ದು. ಕೆಲವು ರಾತ್ರಿ ‘ಫಾಸ್ಟ್ ಕಾರ್’ ಕೇಳಿದ್ದೂ ಉಂಟು.

ಆ ವಾರ ಊರಿಂದ ಅಮ್ಮ ಬಂದಿದ್ದಳು. ಹೇಳಿದೆ. ಏನೂ ಮಾತಾಡಲಿಲ್ಲ. ಮಾರನೇ ದಿನ ಆ ಮನೆಯ ಗಂಡಸು ಸ್ಕೂಟರ್ ಹತ್ತಿ ಹೋದಮೇಲೆ, ಸಣ್ಣ ಬಟ್ಟಲು ಹಿಡ್ಕೊಂಡು ಹೋಗಿ ಬೆಲ್ ಒತ್ತಿದಳು.

“ಹೆಪ್ಪು ಹಾಕಕ್ಕೆ ಒಂಚೂರು ಮೊಸರಿದ್ಯೇನಮ್ಮಾ?”

ನಮ್ಮ ಫ್ರಿಜ್ಜಲ್ಲಿ ಮೊಸರಿತ್ತು.

ಬಾಗಿಲು ತೆರೀತು. ಅಮ್ಮ ವಾಪಸ್ ಬಂದದ್ದು ಒಂದು ಗಂಟೆ ಬಿಟ್ಟು.

“ನಿನ್ನ ನಂಬರ್ ಕೊಟ್ಟಿದೀನಿ. ರಾತ್ರಿ ಫೋನ್ ಸೈಲೆಂಟಲ್ಲಿ ಇಡಬೇಡ.”

ಮಹಿಳಾ ಸಹಾಯವಾಣಿ 181 ಅನ್ನೋದನ್ನ ಅವತ್ತೇ ಫೋನಲ್ಲಿ ಸೇವ್ ಮಾಡ್ಕೊಂಡೆ. ಮುಂದೇನಾಯ್ತು ಅನ್ನೋದು ಆ ಹೆಣ್ಣುಮಗಳ ಕಥೆ, ಹೇಳೋ ಹಕ್ಕು ನನಗಿಲ್ಲ. ಒಂದು ರಾತ್ರಿ ಫೋನ್ ಬಂತು. ಎರಡನೇ ರಿಂಗಿಗೇ ಎತ್ತಿದೆ, ಅಷ್ಟು ಹೇಳಬಲ್ಲೆ.