ತೋಳನಾದ ಪ್ರೇಮಿ, ಓಡದೆ ನಿಂತ ನರ್ಸು!

ಹುಣ್ಣಿಮೆ ಬಂತೆಂದರೆ ಮೈತುಂಬ ಕೂದಲು ಬೆಳೆದು, ಮೂತಿ ಉದ್ದವಾಗಿ ತೋಳನಾಗುವ ಹೀರೋ! ಇದೆಂಥಾ ಲವ್ ಸ್ಟೋರಿ ಎಂದು ನೀವು ನಗಬಹುದು. ನಗಿರಿ, ಆದರೆ ಪೂರ್ತಿ ಕೇಳಿ ನಗಿರಿ.

ಚಿತ್ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’, 1981ರದು. ನಿರ್ದೇಶಕ ಜಾನ್ ಲ್ಯಾಂಡಿಸ್ ಶಾಲೆ ಅರ್ಧಕ್ಕೆ ಬಿಟ್ಟವನು. (ಪಿ.ಯು.ಸಿ. ಬಿಟ್ಟ ನನಗೆ ಎಷ್ಟು ಖುಷಿಯಾಯಿತೆಂದು ಬೇರೆ ಹೇಳಬೇಕೆ!) ಈ ಕಥೆಯನ್ನು ಆತ 1969ರಲ್ಲೇ ಬರೆದಿಟ್ಟಿದ್ದ. ತೋಳನನ್ನು ಸೃಷ್ಟಿಸಿದ ರಿಕ್ ಬೇಕರ್‌ಗೆ ಮೇಕಪ್ಪಿಗೆಂದೇ ಹೊಸದಾಗಿ ಶುರುವಾದ ಆಸ್ಕರ್ ಸಿಕ್ಕಿತು. ಇದನ್ನು ಮೆಚ್ಚಿಯೇ ಮೈಕೆಲ್ ಜಾಕ್ಸನ್ 1983ರ ‘ಥ್ರಿಲ್ಲರ್’ಗೆ ಲ್ಯಾಂಡಿಸ್‌ನನ್ನು ಕರೆಸಿದ.

ತೋಳ ಕಚ್ಚಿದ ಡೇವಿಡ್ ಲಂಡನ್ನಿನ ಆಸ್ಪತ್ರೆ ಸೇರುತ್ತಾನೆ. ಅಲ್ಲಿನ ನರ್ಸ್ ಅಲೆಕ್ಸ್ ಅವನನ್ನು ಪ್ರೀತಿಸಿ ಮನೆಗೇ ಕರೆದೊಯ್ಯುತ್ತಾಳೆ. ಕಡೆಗೆ ಗಲ್ಲಿಯೊಂದರಲ್ಲಿ ಸಿಕ್ಕಿಬಿದ್ದ ತೋಳದ ಎದುರು ನಿಂತು ‘ಪ್ರೀತಿಸುತ್ತೇನೆ’ ಎನ್ನುತ್ತಾಳೆ. ಕ್ಷಣಕಾಲ ಅದು ತಡೆಯುತ್ತದೆ... ಮತ್ತೆ ಎಗರುತ್ತದೆ. ಗುಂಡಿನ ಸದ್ದು!

ನಮ್ಮ ಅನಗವಾಡಿ ಕಡೆ ತೋಳ ಬರೀ ಸಿನಿಮಾದ ಪ್ರಾಣಿಯಲ್ಲ. ಕುರಿ ಕಾಯುವವರನ್ನು ಕೇಳಿ. ಆದರೆ ಅದು ಕುರಿ ಹಿಡಿಯುವುದು ಹೊಟ್ಟೆಪಾಡಿಗೆ. ಮನುಷ್ಯ ತೋಳನಾಗುವ ಸಂಗತಿಯೇ ಬೇರೆ.

ನಾನು ಮದುವೆಯಾಗಬೇಕೆಂದಿರುವ ಹುಡುಗಿಯೂ ನರ್ಸು, ಬಾಗಲಕೋಟೆಯಲ್ಲಿ. ಫೋನಿನಲ್ಲಿ ಕಥೆ ಹೇಳಿ, “ಆಕಿ ಜಾಗಾದಾಗ ನೀ ಇದ್ದಿದ್ರ?” ಎಂದೆ.

“ಬಾಗಲಾ ಹಾಕ್ಕೊಂತಿದ್ದೆ. ಗಂಡನ ಕೈಲೆ ಬಡಸ್ಕೊಂಡು ನಮ್ಮಲ್ಲಿ ಬರೂ ಹೆಣ್ಮಕ್ಕಳೂ ಹಂಗ ಅಂತಾರ... ‘ಪ್ರೀತಿ ಮಾಡ್ತಾರ್ರೀ, ಒಮ್ಮೊಮ್ಮೆ ಅಷ್ಟ ಹಂಗಾಗ್ತಾರ’ ಅಂತ. ಅವಕ್ಕ ಹುಣ್ಣಿವಿ ಬೇಕಾಗಿಲ್ಲ, ಪಗಾರದ ದಿನ ಸಾಕು.”

ನನ್ನ ಬಾಯಿ ಕಟ್ಟಿತು. ಆಗ ನೆನಪಾದದ್ದು ಕಾರ್ನಾಡರ ನಾಟಕದಿಂದ ನಾಗಾಭರಣ 1997ರಲ್ಲಿ ಮಾಡಿದ ‘ನಾಗಮಂಡಲ’. ಹೆಂಡತಿಯನ್ನು ಮನೆಯಲ್ಲಿ ಕೂಡಿಹಾಕಿ ಬೀಗ ಹಾಕುವವನು ಮನುಷ್ಯ. ರಾತ್ರಿ ಅವನದೇ ರೂಪದಲ್ಲಿ ಬಂದು ಪ್ರೀತಿ ಕೊಡುವುದು ಹಾವು! ಎರಡೂ ಪಾತ್ರ ಪ್ರಕಾಶ್ ರೈ ಅವರದೇ. ಅಲ್ಲಿ ಮೃಗ ಯಾವುದು, ಮನುಷ್ಯ ಯಾರು, ನೀವೇ ಹೇಳಿ.

“ನಿನ್ನ ಹುಣ್ಣಿವಿ ಯಾವಾಗ? ಈಗ ಹೇಳಿಬಿಡು,” ಎಂದಳು ಆಕೆ.

“ಬರದದ್ದಕ್ಕ ರೊಕ್ಕಾ ಬರಲಿಲ್ಲಂದ್ರ ಸಿಟ್ಟು ನೆತ್ತಿಗೇರತೈತಿ. ಅವತ್ತು ಯಾರ ಜೋಡಿನೂ ಮಾತು ಬ್ಯಾಡ ಅನಸ್ತೈತಿ,” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಂಥಾ ದಿನ ಮನಿಗೆ ಬರೂಕಿಂತ ಮೊದಲ ಫೋನ್ ಮಾಡಿ ಹೇಳು. ಆಮ್ಯಾಲೆ ಮದುವಿ ಮಾತು.”

ಡೇವಿಡ್‌ನೂ ಅದನ್ನೇ ಮಾಡಿದ್ದ. ತನ್ನಿಂದ ಸಾವು ಸಂಭವಿಸಿದ್ದು ಗೊತ್ತಾದ ಕೂಡಲೇ ಟ್ರಫಾಲ್ಗರ್ ಚೌಕದಲ್ಲಿ ಪೊಲೀಸನ ಮುಂದೆ ‘ನನ್ನನ್ನು ಹಿಡಿಯಿರಿ’ ಎಂದು ಕೂಗಾಡಿದ. ಯಾರೂ ನಂಬಲಿಲ್ಲ, ಅಷ್ಟೆ.

ಗೆಳೆಯರೇ, ಚಿತ್ರ ಸಿಕ್ಕರೆ ನೋಡಿ. ತೋಳನಾಗುವ ದೃಶ್ಯಕ್ಕೆ ಸಿಳ್ಳೆ ಹೊಡೆಯಿರಿ, ತಪ್ಪಿಲ್ಲ. ಆದರೆ ಆ ಚೌಕದ ದೃಶ್ಯವನ್ನು ಮಾತ್ರ ಎರಡು ಸಲ ನೋಡಿ!