ಮೂರು ಕಮಾನಿನ ಮೀನು

ಬೆಳಿಗ್ಗೆ ಆರೂವರೆ. ಕೋಡಿಬೆಂಗ್ರೆಯ ತುದಿಯಲ್ಲಿ, ಅಳಿವೆಯ ಕಲ್ಲುಗಳ ಮೇಲೆ ನಿಂತಿದ್ದೇನೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ಎದುರು ದಡದಲ್ಲಿ ಹಂಗಾರಕಟ್ಟೆಯ ದೋಣಿಗಳು. ಭರತ ಏರುತ್ತಿದೆ. ಸ್ವರ್ಣೆ, ಸೀತೆಯರು ತಂದ ಸಿಹಿನೀರನ್ನು ಉಪ್ಪುನೀರು ಹಿಂದಕ್ಕೆ ದಬ್ಬುವಲ್ಲಿ ಉದ್ದಕ್ಕೊಂದು ನೊರೆಯ ಗೆರೆ ಎದ್ದಿದೆ. ಗಾಳಕ್ಕೆ ಸಿಗಡಿಯ ತುಣುಕು ಸಿಕ್ಕಿಸಿ ಆ ಗೆರೆಯಾಚೆ ಎಸೆಯುತ್ತೇನೆ.

ಕಾಣೆ ಮೀನಿನ ಕುಟುಕು ನನ್ನ ಬೆರಳಿಗೆ ಗೊತ್ತು. ಎರಡು ಸಲ ಮೆಲ್ಲಗೆ ಮುಟ್ಟಿ ನೋಡಿ, ಆಮೇಲೆ ನಯವಾಗಿ ಎಳೆಯುತ್ತದೆ. ಇದು ಹಾಗಲ್ಲ. ದಾರ ಒಮ್ಮೆಲೇ ಬಿಗಿದು ಕಲ್ಲಿನ ಸಂದಿಯತ್ತ ಜಗ್ಗುತ್ತಿದೆ. ಸುತ್ತಿ ಸುತ್ತಿ ಮೇಲೆತ್ತಿದರೆ ಗೇಣುದ್ದದ ಬೆಳ್ಳಿಬಣ್ಣದ ಮೀನು. ಮೈಮೇಲೆ ಕಪ್ಪು ಪಟ್ಟೆ. ಇಷ್ಟು ವರ್ಷ ಇಲ್ಲಿ ಗಾಳ ಹಾಕಿದ್ದೇನೆ, ಇದನ್ನು ಕಂಡದ್ದಿಲ್ಲ.

ಕೈ ಚಾಚುತ್ತೇನೆ. "ಗೊರ್... ಗೊರ್..."

ಮೀನು ಗೊರಗುಟ್ಟುತ್ತಿದೆ! ಬೆಚ್ಚಿ ಕೈ ಹಿಂದೆಳೆದುಕೊಳ್ಳುತ್ತೇನೆ. ಆಚೆ ಬಂಡೆಯ ಮೇಲೆ ಬಲೆ ಬಿಡಿಸುತ್ತಿದ್ದ ಅಜ್ಜ ತಲೆ ಎತ್ತದೆಯೇ ಕೂಗುತ್ತಾರೆ: "ಕೆನ್ನಿ ಹತ್ರ ಮುಟ್ಬೇಡಿ, ಮುಳ್ಳಿತ್ತ್!"

ಒದ್ದೆ ಬಟ್ಟೆಯಲ್ಲಿ ಹಿಡಿದು ಗಾಳ ಬಿಡಿಸಿ, ಹೊಳೆಯ ನೀರು ತುಂಬಿದ ಬಕೆಟ್ಟಿಗೆ ಇಳಿಸುತ್ತೇನೆ. ಸತ್ತ ಮೀನಿನ ಬಣ್ಣ ಬೇಗ ಮಾಸುತ್ತದೆ. ನೋಡುವುದೇನಿದ್ದರೂ ಈಗಲೇ, ಇದು ಉಸಿರಾಡುತ್ತಿರುವಾಗಲೇ.

ಮಂಡಿಯೂರಿ ಕೂತು ನೋಡುತ್ತೇನೆ. ಅಜ್ಜ ಹೇಳಿದ ಮುಳ್ಳು ಕಿವಿರು ಮುಚ್ಚಳದ ಅಂಚಿನಿಂದ ಹೊರಚಾಚಿದೆ, ಸೂಜಿಮೊನೆಯಂತೆ. ಬೆನ್ನುರೆಕ್ಕೆಯ ಮುಂಭಾಗದಲ್ಲಿ ಶಾಯಿ ಚೆಲ್ಲಿದ ಹಾಗೆ ದೊಡ್ಡ ಕಪ್ಪು ಮಚ್ಚೆ. ಬಾಲದಲ್ಲೂ ಕಪ್ಪು ಗೆರೆಗಳು. ರೆಕ್ಕೆ ಬಿಚ್ಚಿದಾಗ ಮುಳ್ಳುಗಳನ್ನು ಎಣಿಸುತ್ತೇನೆ. ಹನ್ನೊಂದೋ ಹನ್ನೆರಡೋ? ಅದು ಮತ್ತೆ ರೆಕ್ಕೆ ಬಿಚ್ಚುವವರೆಗೆ ಕಾಯುತ್ತೇನೆ. ಹನ್ನೆರಡು. ಹೊಟ್ಟೆಯಡಿಯ ಹಿಂದಿನ ರೆಕ್ಕೆಯಲ್ಲಿ ಮೂರು.

ಫೋನಿನಲ್ಲಿ, ಪಶ್ಚಿಮ ಹಿಂದೂ ಮಹಾಸಾಗರದ ಮೀನುಗಳನ್ನು ಗುರುತಿಸಲೆಂದು ವಿಶ್ವಸಂಸ್ಥೆಯ ಎಫ್‌ಎಒ 1984ರಲ್ಲಿ ಹೊರತಂದ ಹಾಳೆಗಳನ್ನು ಇಳಿಸಿಟ್ಟುಕೊಂಡಿದ್ದೇನೆ. ಕಿವಿರಿನ ಮುಳ್ಳು, ಬೆನ್ನಿನ ಮಚ್ಚೆ, ಪಟ್ಟೆ ಬಾಲ ಮೂರೂ ಟೆರಪಾನ್ ಎಂಬ ಪಂಗಡದತ್ತ ಕೈತೋರುತ್ತವೆ. ಆದರೆ ಆ ಮನೆಯಲ್ಲಿ ದಾಯಾದಿಗಳಿದ್ದಾರೆ. ಪ್ಯೂಟ, ಥೆರಪ್ಸ್ ಇಬ್ಬರಿಗೂ ಪಟ್ಟೆಗಳಿವೆ, ಎರಡರಲ್ಲೂ ನೇರ. ನನ್ನ ಬಕೆಟ್ಟಿನ ಮೀನಿನದು ನೇರವಲ್ಲ. ಕತ್ತಿನಿಂದ ಹೊರಟ ಪಟ್ಟೆ ಹೊಟ್ಟೆಯತ್ತ ಬಾಗಿ, ಮತ್ತೆ ಬಾಲದತ್ತ ಏರುತ್ತದೆ. ಉಯ್ಯಾಲೆಯ ಹಗ್ಗದಂತೆ ಜೋಲುವ ಮೂರು ಕಮಾನುಗಳು. ಈ ಬಾಗು ಇರುವುದು ಟೆರಪಾನ್ ಜರ್ಬುವಾಕ್ಕೆ.

ಗೊರಗುಟ್ಟುವಿಕೆಯೂ ಆ ಮನೆತನದ್ದೇ. ತಲೆಬುರುಡೆಯ ಹಿಂಬದಿಯಿಂದ ಗಾಳಿಚೀಲಕ್ಕೆ ಹೋಗುವ ಸ್ನಾಯುಗಳು ಅದುರಿದಾಗ ಚೀಲ ಡೋಲಿನಂತೆ ಮೊಳಗುತ್ತದೆ. ಇವು ಮೊಟ್ಟೆಯಿಡುವುದು ಕಡಲಲ್ಲಿ, ಮರಿಗಳು ಬೆಳೆಯಲು ಬರುವುದು ಇಂಥ ಅಳಿವೆಗಳಿಗೆ.

ಜರ್ಬುವಾ ಅರಬ್ಬರ ಕರಾವಳಿಯ ಮಾತಿನಿಂದ ಬಂದ ಹೆಸರು. ಲಿನೇಯಸ್‌ನ ಶಿಷ್ಯ ಪೀಟರ್ ಫೋರ್ಸ್ಕಾಲ್ ಕೆಂಪು ಸಮುದ್ರದ ಜಿದ್ದಾದಲ್ಲಿ ಈ ಮೀನನ್ನು ಕಂಡು, ಅಲ್ಲಿನವರು ಕರೆಯುತ್ತಿದ್ದ ಹೆಸರನ್ನೇ ಉಳಿಸಿದ. 1763ರಲ್ಲಿ ಯೆಮೆನ್‌ನಲ್ಲಿ ಮಲೇರಿಯಾದಿಂದ ತೀರಿಹೋದ. ಅವನ ಬರಹ ಅಚ್ಚಾದದ್ದು 1775ರಲ್ಲಿ. ಮೀನಿನ ಒಂದು ಬದಿಯ ಚರ್ಮವನ್ನು ಒಣಗಿಸಿ, ಎಲೆಗಳನ್ನು ಅಂಟಿಸುವಂತೆ ಕಾಗದಕ್ಕೆ ಅಂಟಿಸಿಡುತ್ತಿದ್ದನಂತೆ. ಅವನು ಸಂಗ್ರಹಿಸಿದ ಮೀನುಚರ್ಮಗಳು ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದಲ್ಲಿ ಇವತ್ತಿಗೂ ಇವೆ. ಹೆಸರು ಕೊಟ್ಟ ಆ ಬೆಸ್ತರೂ, ತಲೆ ಎತ್ತದೆ ಮುಳ್ಳಿನ ಎಚ್ಚರ ಕೊಟ್ಟ ಈ ಅಜ್ಜನೂ ಒಂದೇ ಕಡಲಿನ ಎರಡು ದಡದವರು ಅನ್ನಿಸುತ್ತದೆ.

ಬಿಸಿಲು ಬಕೆಟ್ಟಿನ ಅಂಚಿಗೆ ಬಂತು. ಕಲ್ಲಿನ ಬುಡಕ್ಕಿಳಿದು ಬಕೆಟ್ಟನ್ನು ಮೆಲ್ಲಗೆ ಓರೆ ಮಾಡುತ್ತೇನೆ. ಮೀನು ತಕ್ಷಣ ಓಡುವುದಿಲ್ಲ. ಮೊಣಕಾಲಾಳದ ತಿಳಿನೀರಲ್ಲಿ ಕ್ಷಣಕಾಲ ನಿಲ್ಲುತ್ತದೆ. ಈಗ ಅದನ್ನು ನೇರ ಮೇಲಿನಿಂದ ನೋಡುತ್ತಿದ್ದೇನೆ. ಎಡಬದಿಯ ಕಮಾನು, ಬಲಬದಿಯ ಕಮಾನು ಬೆನ್ನ ಮೇಲೆ ಒಂದನ್ನೊಂದು ಕೂಡಿ ಬಳೆಗಳಾಗಿವೆ. ಒಂದು ಬಳೆಯೊಳಗೆ ಇನ್ನೊಂದು ಬಳೆ. ಅರ್ಧ ಚರ್ಮದಲ್ಲಿ ಈ ಬಳೆ ಮೂಡದು, ಪಕ್ಕದಿಂದ ತೆಗೆದ ನನ್ನ ಫೋಟೋದಲ್ಲೂ ಇಲ್ಲ.

ಬಾಲ ಒಮ್ಮೆ ಬೀಸಿತು. ಬಳೆಗಳು ನೊರೆಗೆರೆಯ ಕೆಳಗೆ ಜಾರಿಹೋದವು.